ಸಿಲಿಕಾನ್ ಕಂಪನದ ದಾರಿಯಲ್ಲಿ ಮೈಕ್ರೊವೇವ್‌ನಿಂದ ಬೆಳಕಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕ್ವಾಂಟಂ ಕಂಪ್ಯೂಟರಿನ ಮೈಕ್ರೊವೇವ್ ಸಂಕೇತವನ್ನು ಸಿಲಿಕಾನಿನ ಸೂಕ್ಷ್ಮ ಕಂಪನದ ಮೂಲಕ ಬೆಳಕಾಗಿ ಬದಲಿಸುವ ಚಿಪ್‌ಗಳ ಬಗ್ಗೆ ಮೈಸೂರು, ಮಂಡ್ಯ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ಅರ್ಥದವನ್ನು ಕೂಡಿಸಿ ಒಂದೇ ಉತ್ತರ ಕೊಟ್ಟಿದ್ದೇವೆ.

ಮೊಬೈಲ್ ಟವರಿನಲ್ಲಿ ರೇಡಿಯೊ ಸಂಕೇತವನ್ನು ಬೆಳಕು ಮಾಡಿ ಫೈಬರಿಗೆ ಬಿಡುವುದು ಎಷ್ಟೋ ವರ್ಷದಿಂದ ನಡೆದಿದೆ. ಇದರಲ್ಲಿ ಹೊಸತೇನು?
(ಫೈಬರ್ ಜೋಡಣೆ ಕೆಲಸದವರು, ಕುವೆಂಪುನಗರ, ಮೈಸೂರು)

ಟವರಿನಲ್ಲಿ ಸಂಕೇತವನ್ನು ಮೊದಲು ಹಿಗ್ಗಿಸುತ್ತಾರೆ, ಅಳೆಯುತ್ತಾರೆ, ಆಮೇಲೆ ಅದೇ ಮಾಹಿತಿಯನ್ನು ಲೇಸರಿನ ಮೇಲೆ ಹೊಸದಾಗಿ ಬರೆಯುತ್ತಾರೆ. ಅಲ್ಲಿ ಫೋಟಾನುಗಳು (ಬೆಳಕು, ರೇಡಿಯೊ ಅಲೆಗಳ ಅತಿ ಚಿಕ್ಕ ಕಣಗಳು) ಕೋಟಿಗಟ್ಟಲೆ ಇರುತ್ತವೆ, ಕೆಲವು ಕಳೆದರೆ ನಷ್ಟವಿಲ್ಲ. ಅತಿವಾಹಕ ಕ್ಯುಬಿಟ್ (ತೀರಾ ತಣಿಸಿದ, ರೋಧವಿಲ್ಲದ ಲೋಹದಿಂದ ಮಾಡಿದ ಕ್ವಾಂಟಂ ಕಂಪ್ಯೂಟರಿನ ಮಾಹಿತಿ ಘಟಕ) ಹೊರಬಿಡುವುದು ಒಂದೇ ಒಂದು ಮೈಕ್ರೊವೇವ್ ಫೋಟಾನು. ಅದನ್ನು ಅಳೆದರೆ ಅದರ ಕ್ವಾಂಟಂ ಸ್ಥಿತಿ ಹಾಳಾಗುತ್ತದೆ. ಅಪರಿಚಿತ ಕ್ವಾಂಟಂ ಸ್ಥಿತಿಯನ್ನು ನಕಲು ಮಾಡಲು ಭೌತಶಾಸ್ತ್ರದ ನಿಯಮವೇ ಬಿಡುವುದಿಲ್ಲ. ಆದ್ದರಿಂದ ಆ ಫೋಟಾನನ್ನೇ, ಅಳೆಯದೆ, ಬೆಳಕಿನ ಫೋಟಾನಾಗಿ ಬದಲಿಸಬೇಕು.

ಬದಲಿಸದೆ ಹಾಗೇ ಕಳಿಸಬಹುದಲ್ಲ ಎಂದರೆ, ಲೆಕ್ಕ ನೋಡಿ. 5 ಗಿಗಾಹರ್ಟ್ಸ್ ಸಂಕೇತ ತೆಳು ಕೋಆಕ್ಸಿಯಲ್ ಕೇಬಲಿನಲ್ಲಿ ಮೀಟರಿಗೆ 1ರಿಂದ 2 ಡೆಸಿಬೆಲ್ ಕರಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಶಾಖದ್ದು: ಕೋಣೆಯ ಉಷ್ಣತೆಯಲ್ಲಿ ಆ ಆವೃತ್ತಿಗೆ ಸುಮಾರು 1,250 ಗದ್ದಲದ ಫೋಟಾನುಗಳು ಮೊದಲೇ ತುಂಬಿಕೊಂಡಿರುತ್ತವೆ. ನಿಮ್ಮ ಒಂದು ಫೋಟಾನು ಅವುಗಳ ನಡುವೆ ಎಲ್ಲಿ ಹೋಯಿತೆಂದೇ ತಿಳಿಯದು. 2023ರಲ್ಲಿ ಜ್ಯೂರಿಕ್‌ನ ಇಟಿಎಚ್ ಸಂಸ್ಥೆಯವರು ಎರಡು ಅತಿವಾಹಕ ಕ್ಯುಬಿಟ್‌ಗಳನ್ನು 30 ಮೀಟರ್ ಕೊಳವೆಯಲ್ಲಿ ಜೋಡಿಸಿ ತೋರಿಸಿದರು. ಅದಕ್ಕಾಗಿ ಇಡೀ 30 ಮೀಟರನ್ನೂ ತಣಿಸಬೇಕಾಯಿತು.

1,550 ನ್ಯಾನೊಮೀಟರ್ ಬೆಳಕಿಗೆ ಈ ಕಷ್ಟವಿಲ್ಲ. ಕೋಣೆಯ ಶಾಖಕ್ಕೆ ಆ ಆವೃತ್ತಿಯಲ್ಲಿ ಫೋಟಾನು ಹುಟ್ಟಿಸುವ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ. ನೀವು ದಿನವೂ ಕೈಯಲ್ಲಿ ಹಿಡಿಯುವ ಫೈಬರಿನಲ್ಲಿ ಕಿಲೊಮೀಟರಿಗೆ ಸುಮಾರು 0.2 ಡೆಸಿಬೆಲ್ ಮಾತ್ರ ನಷ್ಟ. ಮೈಸೂರಿನಿಂದ ಮಂಡ್ಯಕ್ಕೆ 45 ಕಿಲೊಮೀಟರ್ ಎಂದುಕೊಂಡರೆ 9 ಡೆಸಿಬೆಲ್, ಅಂದರೆ ಹೊರಟ 8 ಫೋಟಾನುಗಳಲ್ಲಿ ಒಂದು ತಲುಪುತ್ತದೆ. ನಡುವೆ ಬರುವ ಸ್ಪ್ಲೈಸ್, ಕನೆಕ್ಟರುಗಳ ನಷ್ಟ ಬೇರೆ, ಅದು ನಿಮಗೇ ಚೆನ್ನಾಗಿ ಗೊತ್ತು.

ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತನ್ನು ವೋಲ್ಟೇಜ್ ಏರಿಸಿ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಇದೂ ಅಂಥದೇ ಟ್ರಾನ್ಸ್‌ಫಾರ್ಮರ್ ತಾನೆ?
(ನಿವೃತ್ತ ಲೈನ್ ಇನ್‌ಸ್ಪೆಕ್ಟರ್, ಮಳವಳ್ಳಿ)

ಉದ್ದೇಶ ಒಂದೇ: ದೂರ ಹೋಗಬಲ್ಲ ರೂಪಕ್ಕೆ ಬದಲಿಸುವುದು. ಕೆಲಸ ಮಾಡುವ ಬಗೆ ಮಾತ್ರ ಬೇರೆ. ಟ್ರಾನ್ಸ್‌ಫಾರ್ಮರಿಗೆ ಎಷ್ಟು ಆವೃತ್ತಿಯ ವಿದ್ಯುತ್ ಹೋದರೂ ಅಷ್ಟೇ ಆವೃತ್ತಿಯದು ಹೊರಬರುತ್ತದೆ, ವೋಲ್ಟೇಜ್ ಮಾತ್ರ ಬದಲು. ಇಲ್ಲಿ ಬದಲಾಗಬೇಕಾದದ್ದು ಆವೃತ್ತಿಯೇ. 5 ಗಿಗಾಹರ್ಟ್ಸ್‌ನಿಂದ 1,93,500 ಗಿಗಾಹರ್ಟ್ಸ್‌ಗೆ, ಸುಮಾರು 38,700 ಪಟ್ಟು. ಒಂದು ಬೆಳಕಿನ ಫೋಟಾನಿನ ಶಕ್ತಿಯೂ ಮೈಕ್ರೊವೇವ್ ಫೋಟಾನಿನ 38,700 ಪಟ್ಟು. ಉಳಿದ ಶಕ್ತಿಯನ್ನು ಕೊಡುವುದು ಹೊರಗಿನ ಪಂಪ್ ಲೇಸರ್.

ಚಿಪ್‌ನಲ್ಲಿ ಬೆಳಕು ಸಿಕ್ಕಿಕೊಂಡು ಅನುರಣಿಸುವ ಒಂದು ಕುಹರ ಇರುತ್ತದೆ. ಪಂಪ್ ಲೇಸರನ್ನು ಆ ಕುಹರದ ಆವೃತ್ತಿಗಿಂತ ಸರಿಯಾಗಿ 5 ಗಿಗಾಹರ್ಟ್ಸ್ ಕೆಳಗೆ ಇಡುತ್ತಾರೆ. ಪಂಪಿನ ಒಂದು ಫೋಟಾನು, ಕಂಪನದ ಒಂದು ಕಣ (ಫೋನಾನು) ಎರಡೂ ಕೂಡಿ ಕುಹರದ ಆವೃತ್ತಿಯ ಒಂದು ಫೋಟಾನಾಗುತ್ತವೆ. ಲೇಸರನ್ನು ತಪ್ಪಿ 5 ಗಿಗಾಹರ್ಟ್ಸ್ ಮೇಲೆ ಇಟ್ಟರೆ ಉಲ್ಟಾ ನಡೆಯುತ್ತದೆ. ಒಂದು ಪಂಪ್ ಫೋಟಾನು ಒಡೆದು ಫೋಟಾನು, ಫೋನಾನುಗಳ ಜೋಡಿ ಹುಟ್ಟುತ್ತದೆ. ಸಂಕೇತ ಬದಲಿಸುವುದಕ್ಕೆ ಅದು ಬರೀ ಗದ್ದಲ. ಎರಡು ದೂರದ ಕ್ಯುಬಿಟ್‌ಗಳನ್ನು ಹೆಣೆಯಲು (ಒಂದರ ಸ್ಥಿತಿ ಇನ್ನೊಂದರದಕ್ಕೆ ಬೆಸೆದುಕೊಳ್ಳುವಂತೆ ಮಾಡಲು) ಬೇಕೆಂದೇ ಅದನ್ನು ಬಳಸುವ ವಿಧಾನಗಳೂ ಇವೆ.

ನಡುವೆ ಕಂಪನ ಏಕೆ ಬೇಕು? ಮೈಕ್ರೊವೇವ್ ಮತ್ತು ಬೆಳಕನ್ನು ನೇರವಾಗಿ ಬೆರೆಸಲಾಗದೆ?
(ಬಿ.ಎಸ್ಸಿ. ವಿದ್ಯಾರ್ಥಿನಿ, ಮಂಡ್ಯ)

ಬೆರೆಸಬಹುದು. ಲಿಥಿಯಂ ನಿಯೋಬೇಟ್ ಹರಳಿನಲ್ಲಿ ಹಾಗೇ ಮಾಡುವ ತಂಡಗಳಿವೆ. ಕಷ್ಟವೆಂದರೆ ಗಾತ್ರ. 5 ಗಿಗಾಹರ್ಟ್ಸ್ ಮೈಕ್ರೊವೇವ್‌ನ ತರಂಗಾಂತರ 6 ಸೆಂಟಿಮೀಟರ್, ಬೆಳಕಿನದು 1.55 ಮೈಕ್ರೊಮೀಟರ್. ಎರಡನ್ನೂ ಒಂದೇ ಚಿಕ್ಕ ಜಾಗದಲ್ಲಿ ಒತ್ತಿ ಹಿಡಿಯುವುದು ಕಷ್ಟ, ಹಾಗಾಗಿ ಅವುಗಳ ಬೆಸುಗೆ ದುರ್ಬಲ. ಶಬ್ದದ ವಿಷಯ ಬೇರೆ. ಸಿಲಿಕಾನಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 8,400 ಮೀಟರ್ ಓಡುತ್ತದೆ, ಆದ್ದರಿಂದ 5 ಗಿಗಾಹರ್ಟ್ಸ್ ಕಂಪನದ ತರಂಗಾಂತರ 1.7 ಮೈಕ್ರೊಮೀಟರ್ ಮಾತ್ರ. ಅದೇ ಸಿಲಿಕಾನಿನೊಳಗೆ ಬೆಳಕಿನ ತರಂಗಾಂತರ ಸುಮಾರು 0.45 ಮೈಕ್ರೊಮೀಟರ್. ಎರಡೂ ಒಂದೇ ಅಳತೆಯ ಆಸುಪಾಸಿನಲ್ಲಿವೆ. 220 ನ್ಯಾನೊಮೀಟರ್ ದಪ್ಪದ ಸಿಲಿಕಾನ್ ಪಟ್ಟಿಯಲ್ಲಿ ಸಾಲಾಗಿ ರಂಧ್ರ ಕೊರೆದು, ನಡುವೆ ರಂಧ್ರಗಳ ಅಂತರವನ್ನು ಮೆಲ್ಲಗೆ ಬದಲಿಸಿದರೆ ಬೆಳಕೂ ಕಂಪನವೂ ಅದೇ ನಡುಭಾಗದಲ್ಲಿ ಸಿಕ್ಕಿಬೀಳುತ್ತವೆ. ಪಟ್ಟಿ ಹಿಗ್ಗಿ ಕುಗ್ಗಿದಂತೆ ಕುಹರದ ಬಣ್ಣ, ಅಂದರೆ ಅದು ಹಿಡಿದಿಡುವ ಬೆಳಕಿನ ಆವೃತ್ತಿ, ಸರಿಯುತ್ತದೆ.

ಕ್ಯಾಲ್ಟೆಕ್‌ನ ಆಸ್ಕರ್ ಪೇಂಟರ್ ತಂಡ ಇಂಥ ಪಟ್ಟಿಯನ್ನು 2009ರಲ್ಲಿ ತೋರಿಸಿತು. 2011ರಲ್ಲಿ ಅದೇ ಬಗೆಯ ಪಟ್ಟಿಯ 3.7 ಗಿಗಾಹರ್ಟ್ಸ್ ಕಂಪನವನ್ನು ಲೇಸರಿನಿಂದಲೇ ತಣಿಸಿ, ಸರಾಸರಿ ಒಂದು ಫೋನಾನಿಗಿಂತ ಕೆಳಗೆ ತಂದರು. 2020ರಲ್ಲಿ ಕೆಲವೇ ಮಿಲಿಕೆಲ್ವಿನ್‌ನಲ್ಲಿ (ಪರಮ ಶೂನ್ಯಕ್ಕಿಂತ ಒಂದು ಡಿಗ್ರಿಯ ಸಾವಿರದಲ್ಲಿ ಕೆಲವೇ ಪಾಲು ಮೇಲೆ) 5 ಗಿಗಾಹರ್ಟ್ಸ್ ಕಂಪನ ಸುಮಾರು 1.5 ಸೆಕೆಂಡ್ ಉಳಿದದ್ದನ್ನು ಅಳೆದರು. ಅಷ್ಟರಲ್ಲಿ ಆ ಪಟ್ಟಿ 700 ಕೋಟಿಗೂ ಹೆಚ್ಚು ಸಲ ತುಯ್ದಿರುತ್ತದೆ! ಸಿಲಿಕಾನ್ ಹರಳು ಎಷ್ಟು ಶುದ್ಧವಾದ ವಸ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಸಿಲಿಕಾನಿಗೆ ಪೀಜೊ ಗುಣವೇ ಇಲ್ಲವಲ್ಲ. ಮೈಕ್ರೊವೇವ್ ಅದನ್ನು ಅಲುಗಿಸುವುದು ಹೇಗೆ?
(ವಿಎಲ್‌ಎಸ್‌ಐ ಎಂ.ಟೆಕ್. ವಿದ್ಯಾರ್ಥಿ, ಜಯಲಕ್ಷ್ಮೀಪುರಂ, ಮೈಸೂರು)

ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ. ಸಿಲಿಕಾನ್ ಹರಳಿಗೆ ಕೇಂದ್ರ ಸಮ್ಮಿತಿ ಇರುವುದರಿಂದ ಪೀಜೊ ಗುಣ (ವೋಲ್ಟೇಜ್ ಕೊಟ್ಟರೆ ಹಿಗ್ಗಿ ಕುಗ್ಗುವ ಗುಣ) ಬರುವಂತಿಲ್ಲ. ದಾರಿ ಎರಡಿವೆ.

ಮೊದಲನೆಯದು, ಅಲ್ಯುಮಿನಿಯಂ ನೈಟ್ರೈಡ್ ಅಥವಾ ಲಿಥಿಯಂ ನಿಯೋಬೇಟಿನ ಸಣ್ಣ ತುಂಡನ್ನು ಸಿಲಿಕಾನಿಗೆ ಅಂಟಿಸಿದಂತೆ ಬೆಳೆಸುವುದು. 2020ರಲ್ಲಿ ಪೇಂಟರ್ ತಂಡ ಅಲ್ಯುಮಿನಿಯಂ ನೈಟ್ರೈಡ್ ಬಳಸಿ ಕ್ಯುಬಿಟ್‌ನ ಸ್ಥಿತಿಯನ್ನು ಬೆಳಕಿನ ಫೋಟಾನಿಗೆ ದಾಟಿಸಿತು, ದಕ್ಷತೆ ಲಕ್ಷಕ್ಕೆ ಒಂದರ ಆಸುಪಾಸು. ಪೀಜೊ ವಸ್ತು ಬಲವಾಗಿ ಅಲುಗಿಸುತ್ತದೆ. ಆದರೆ ಕಂಪನವನ್ನು ತಾನೂ ಹೀರುತ್ತದೆ, ತಯಾರಿಕೆಯ ಹಂತಗಳನ್ನೂ ಹೆಚ್ಚಿಸುತ್ತದೆ.

ಎರಡನೆಯದು, ಬರೀ ಸಿಲಿಕಾನ್. ಕಂಪಿಸುವ ಭಾಗದ ಮೇಲೆ ತೆಳು ಲೋಹದ ಲೇಪ, ಅದರೆದುರು 100 ನ್ಯಾನೊಮೀಟರಿಗಿಂತ ಕಿರಿದಾದ ಸಂದು ಬಿಟ್ಟು ಇನ್ನೊಂದು ಎಲೆಕ್ಟ್ರೋಡ್. ಎರಡು ಫಲಕಗಳ ನಡುವಿನ ಸೆಳೆತ ವೋಲ್ಟೇಜಿನ ವರ್ಗಕ್ಕೆ ಅನುಗುಣ. ಬರೀ ಮೈಕ್ರೊವೇವ್ ಕೊಟ್ಟರೆ ಬಲ ಅದರ ಎರಡರಷ್ಟು ಆವೃತ್ತಿಯಲ್ಲಿ ಬರುತ್ತದೆ, ತೀರಾ ಚಿಕ್ಕದೂ ಆಗಿರುತ್ತದೆ. ಜೊತೆಗೆ ಸ್ಥಿರ ಡಿಸಿ ವೋಲ್ಟೇಜ್ ಕೊಡಿ. ಆಗ ವರ್ಗವನ್ನು ಬಿಡಿಸಿದಾಗ ಡಿಸಿ ಮತ್ತು ಮೈಕ್ರೊವೇವ್‌ಗಳ ಗುಣಲಬ್ಧದ ಎರಡರಷ್ಟು ಎಂಬ ಪದ ಸಿಗುತ್ತದೆ. ಬಲ ಅದೇ ಆವೃತ್ತಿಯಲ್ಲಿ ಬರುತ್ತದೆ, ಡಿಸಿ ಏರಿಸಿದಷ್ಟೂ ಬೆಳೆಯುತ್ತದೆ. ಅಂದರೆ ಇಲ್ಲದ ಪೀಜೊ ಗುಣವನ್ನು ಡಿಸಿ ತಂದುಕೊಟ್ಟ ಹಾಗೆ. ಈ ದಾರಿಯಲ್ಲಿ ಮುಂದೆ ಹೋದವರು ಕ್ಯಾಲ್ಟೆಕ್‌ನ ಮೊಹಮ್ಮದ್ ಮಿರ್‌ಹೊಸೇನಿ ತಂಡ. ಸೇರುವ ಗದ್ದಲ ಒಂದು ಫೋಟಾನಿಗಿಂತ ಕೆಳಗಿರುವ ಸಿಲಿಕಾನ್ ಪರಿವರ್ತಕವನ್ನು 2025ರಲ್ಲಿ ಪ್ರಕಟಿಸಿದರು. ನಮ್ಮ ಒಲವು ಈ ಎರಡನೆಯ ದಾರಿಗೇ. ಕಾರಣ ಶಾಖದ ಪ್ರಶ್ನೆಯಲ್ಲಿ ಬರುತ್ತದೆ.

ವಿನ್ಯಾಸ ಮಾಡುವವರು ನೆನಪಿಡಬೇಕಾದ ತೊಡಕುಗಳಿವು. ಆ ಸಂದಿನ ಕೆಪಾಸಿಟನ್ಸ್ ತೀರಾ ಚಿಕ್ಕದು. ಸಾಮಾನ್ಯ 50 ಓಮ್ ಸರ್ಕಿಟಿಗೆ ಜೋಡಿಸಿದರೆ ಮೈಕ್ರೊವೇವ್‌ನ ವೋಲ್ಟೇಜ್ ಅಲ್ಲಿ ಏಳುವುದೇ ಇಲ್ಲ. ಅದಕ್ಕೇ ಟೈಟೇನಿಯಂ ನೈಟ್ರೈಡ್‌ನ ಕಿರಿದಾದ ತಂತಿಯಿಂದ ಕಿಲೊ ಓಮ್ ಮಟ್ಟದ ಅನುರಣಕ (ಒಂದೇ ಆವೃತ್ತಿಗೆ ಮಿಡಿಯುವ ಸರ್ಕಿಟ್) ಮಾಡುತ್ತಾರೆ. ಡಿಸಿ ತಂತಿಯ ಮೂಲಕ ಮೈಕ್ರೊವೇವ್ ಸೋರಿಹೋಗದಂತೆ ಚಿಪ್‌ನಲ್ಲೇ ಫಿಲ್ಟರ್ ಹಾಕಬೇಕು. ಡಿಸಿ ಮೂಲದ ಗದ್ದಲ ತಣ್ಣನೆಯ ತುದಿಗೆ ಇಳಿಯದಂತೆ ಇನ್ನೊಂದು ಬೇಕು. ಡಿಸಿಯನ್ನು ಒಮ್ಮೆಲೇ ಏರಿಸಬೇಡಿ. ಸೆಳೆತ ಮೀರಿದರೆ ಎಲೆಕ್ಟ್ರೋಡ್‌ಗಳು ಅಂಟಿಕೊಳ್ಳುತ್ತವೆ, ಮತ್ತೆ ಬಿಡುವುದಿಲ್ಲ.

ಇದರಿಂದ ಮನೆಯ ಇಂಟರ್‌ನೆಟ್ ವೇಗ ಹೆಚ್ಚುತ್ತದೆಯೇ?
(ಓದುಗರು, ಮದ್ದೂರು)

ಇಲ್ಲ. ಇದು ತಣ್ಣನೆಯ ಕ್ವಾಂಟಂ ಯಂತ್ರಗಳನ್ನು ಒಂದಕ್ಕೊಂದು ಜೋಡಿಸುವ ಸಾಧನ.

ಚಿಪ್ ತಯಾರಿಸುವ ಹಂತಗಳನ್ನು ಹೇಳಿ. ಎಲ್ಲಿ ಕೆಡುತ್ತದೆ?
(ತಂತ್ರಜ್ಞರು, ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರು)

ಆರಂಭ ಎಸ್‌ಒಐ (ಸಿಲಿಕಾನ್ ಆನ್ ಇನ್ಸುಲೇಟರ್) ವೇಫರಿನಿಂದ. ಮೇಲೆ 220 ನ್ಯಾನೊಮೀಟರ್ ಸಿಲಿಕಾನ್, ಕೆಳಗೆ 2ರಿಂದ 3 ಮೈಕ್ರೊಮೀಟರ್ ಆಕ್ಸೈಡ್, ಅದರಡಿ ದಪ್ಪ ಸಿಲಿಕಾನ್. ಮೇಲಿನ ಪದರ ಹೆಚ್ಚು ರೋಧವಿರುವ, ಬೆರಕೆಯಿಲ್ಲದ ಸಿಲಿಕಾನ್ ಆಗಿರಬೇಕು. ಇಲ್ಲದಿದ್ದರೆ ಮೈಕ್ರೊವೇವ್ ಅಲ್ಲೇ ಕರಗುತ್ತದೆ. ಸ್ವಚ್ಛ ಮಾಡಿ, ಮೇಲ್ಮೈಯ ಆಕ್ಸೈಡನ್ನು ಹೈಡ್ರೊಫ್ಲೋರಿಕ್ ಆಮ್ಲದಲ್ಲಿ ತೆಗೆದು, ಹತ್ತಿಪ್ಪತ್ತು ನ್ಯಾನೊಮೀಟರ್ ಟೈಟೇನಿಯಂ ನೈಟ್ರೈಡನ್ನು ಸ್ಪಟರ್ ಮಾಡುತ್ತಾರೆ (ಪ್ಲಾಸ್ಮಾದಿಂದ ಸಿಡಿಸಿ ಲೇಪಿಸುತ್ತಾರೆ). ಎಲೆಕ್ಟ್ರಾನ್ ಕಿರಣದಿಂದ ರೆಸಿಸ್ಟ್ (ಕಿರಣ ತಾಗಿದಲ್ಲಿ ಬದಲಾಗುವ ಲೇಪ) ಮೇಲೆ ನಕ್ಷೆ ಬರೆದು, ಲೋಹವನ್ನೂ ಸಿಲಿಕಾನನ್ನೂ ಬೇರೆ ಬೇರೆ ಸರದಿಯಲ್ಲಿ ಪ್ಲಾಸ್ಮಾದಿಂದ ಕೊರೆಯುತ್ತಾರೆ. ಕೊನೆಗೆ ಹೈಡ್ರೊಫ್ಲೋರಿಕ್ ಆಮ್ಲದಿಂದ ಕೆಳಗಿನ ಆಕ್ಸೈಡನ್ನು ಕರಗಿಸಿದರೆ ಪಟ್ಟಿ ಗಾಳಿಯಲ್ಲಿ ತೂಗುತ್ತದೆ.

ಕೆಡುವುದು ಮೊದಲು ಅಳತೆಯಲ್ಲಿ. ನಕ್ಷೆ ಶೇಕಡ 1ರಷ್ಟು ದೊಡ್ಡದಾದರೆ 5 ಗಿಗಾಹರ್ಟ್ಸ್ ಕಂಪನ ಸುಮಾರು 50 ಮೆಗಾಹರ್ಟ್ಸ್ ಜಾರುತ್ತದೆ. ಮೈಕ್ರೊವೇವ್ ಅನುರಣಕದ ಅಗಲ ಅದರ ಮುಂದೆ ಏನೇನೂ ಅಲ್ಲ, ಹಾಗಾಗಿ ಎರಡೂ ಒಂದನ್ನೊಂದು ಕೇಳಿಸಿಕೊಳ್ಳುವುದೇ ಇಲ್ಲ. ಒಂದೇ ಚಿಪ್‌ನಲ್ಲಿ ಅಳತೆಯನ್ನು ಸ್ವಲ್ಪಸ್ವಲ್ಪ ಬದಲಿಸಿ ಹಲವು ಪಟ್ಟಿಗಳನ್ನು ಬರೆಯುವುದು, ಉಳಿದ ವ್ಯತ್ಯಾಸವನ್ನು ಅನುರಣಕದ ಅತಿವಾಹಕ ಕುಣಿಕೆಗೆ ಕಾಂತಕ್ಷೇತ್ರ ಕೊಟ್ಟು ಸರಿದೂಗಿಸುವುದು, ಇದೇ ರೂಢಿಯ ಪರಿಹಾರ. ಎರಡನೆಯದು ಬಿಡುಗಡೆಯ ಹಂತ. ದ್ರವದಲ್ಲಿ ಕರಗಿಸಿ ಹಾಗೇ ಒಣಗಿಸಿದರೆ ನೀರಿನ ಮೇಲ್ಮೈ ಸೆಳೆತ ಪಟ್ಟಿಯನ್ನು ತಳಕ್ಕೆ ಎಳೆದು ಅಂಟಿಸುತ್ತದೆ. ಆಮ್ಲದ ಆವಿ ಬಳಸಿದರೆ ಅಥವಾ ಒತ್ತಡದ ಇಂಗಾಲದ ಡೈಆಕ್ಸೈಡಿನಲ್ಲಿ ಒಣಗಿಸಿದರೆ ಇದು ತಪ್ಪುತ್ತದೆ. ದ್ರವ ಆಮ್ಲ ಅಲ್ಯುಮಿನಿಯಮ್ಮನ್ನು ತಿನ್ನುತ್ತದೆ, ಟೈಟೇನಿಯಂ ನೈಟ್ರೈಡ್ ತಡೆದುಕೊಳ್ಳುತ್ತದೆ. ಮೂರನೆಯದು ಫೈಬರ್ ಜೋಡಣೆ. ಕೋಣೆಯಲ್ಲಿ ನೇರವಾಗಿ ಕೂಡಿಸಿದ ಫೈಬರ್ ತಣಿದಾಗ ಅಂಟು ಕುಗ್ಗಿ ಒಂದೆರಡು ಮೈಕ್ರೊಮೀಟರ್ ಸರಿದರೂ ಬೆಳಕಿನ ದೊಡ್ಡ ಪಾಲು ಹೋಗುತ್ತದೆ. ಅದಕ್ಕಾಗಿ ಕೆಲವರು ಚಿಪ್ಪನ್ನು ತಣಿಸುವ ಯಂತ್ರದ (ಶೀತಕದ) ಒಳಗೇ ಫೈಬರನ್ನು ಸರಿಸುವ ಪೀಜೊ ಮೋಟಾರು ಇಡುತ್ತಾರೆ.

ಹೈಡ್ರೊಫ್ಲೋರಿಕ್ ಆಮ್ಲ ಚರ್ಮಕ್ಕೆ ತಗುಲಿದಾಗ ಮೊದಲು ನೋವೇ ಆಗದಿರಬಹುದು, ಆದರೂ ಒಳಗಿಳಿದು ದೇಹದ ಕ್ಯಾಲ್ಸಿಯಂ ಹಿಡಿದು ಪ್ರಾಣಕ್ಕೆ ಕುತ್ತು ತರುತ್ತದೆ. ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಕೈಗೆಟುಕುವಲ್ಲಿ ಇಲ್ಲದ ಕೋಣೆಯಲ್ಲಿ ಈ ಆಮ್ಲದ ಬಾಟಲಿಯನ್ನು ತೆರೆಯಲೇಬಾರದು. ತರಬೇತಿ ಇಲ್ಲದವರು ಮುಟ್ಟಬಾರದು.

ಲೇಸರ್ ಶಕ್ತಿ ಮೈಕ್ರೊವ್ಯಾಟ್ ಮಟ್ಟದ್ದು ಎನ್ನುತ್ತಾರೆ. ಅಷ್ಟಕ್ಕೆ ಶಾಖದ ಗೋಳು ಏಕೆ?
(ಪ್ರೌಢಶಾಲಾ ವಿಜ್ಞಾನ ಶಿಕ್ಷಕರು, ಪಾಂಡವಪುರ)

ಇಡೀ ವಿಷಯದ ತಿರುಳು ಈ ಪ್ರಶ್ನೆಯಲ್ಲಿದೆ. ಪರಿವರ್ತನೆಗೆ ಬಲ ಕೊಡುವುದು ಯಾವ ಲೇಸರೋ, ಕ್ವಾಂಟಂ ಸ್ಥಿತಿಯನ್ನು ಕೆಡಿಸುವುದೂ ಅದೇ ಲೇಸರು.

1 ಮೈಕ್ರೊವ್ಯಾಟ್ ಎಂದರೆ ಸೆಕೆಂಡಿಗೆ ಸುಮಾರು 7.8 ಲಕ್ಷ ಕೋಟಿ ಫೋಟಾನುಗಳು. ಅದರಲ್ಲಿ ಒಂದನ್ನು ಸಿಲಿಕಾನ್ ಪಟ್ಟಿ ಹೀರಿಕೊಂಡರೂ ಬಿಡುಗಡೆಯಾಗುವ ಶಕ್ತಿ 38,700 ಫೋನಾನುಗಳಿಗೆ ಸಮ. ನಾವು ಕಾಪಾಡಬೇಕಾದದ್ದು ಒಂದೇ ಫೋನಾನು. 10 ಮಿಲಿಕೆಲ್ವಿನ್‌ನಲ್ಲಿ ಶಾಖದಿಂದ ತಾನಾಗಿ ಹುಟ್ಟುವ 5 ಗಿಗಾಹರ್ಟ್ಸ್ ಫೋನಾನುಗಳ ಸಂಖ್ಯೆ ಸೊನ್ನೆ ಎನ್ನಬಹುದು. ಪಟ್ಟಿ ಒಂದು ಕೆಲ್ವಿನ್‌ಗೆ ಏರಿದರೆ ಸರಾಸರಿ ನಾಲ್ಕು ಫೋನಾನು ತುಂಬಿಕೊಳ್ಳುತ್ತವೆ, ಸಂಕೇತ ಅವುಗಳಲ್ಲಿ ಮುಳುಗುತ್ತದೆ. ಶೀತಕದ ತುದಿಯಲ್ಲಿ 20 ಮಿಲಿಕೆಲ್ವಿನ್‌ಗೆ ಸಿಗುವ ತಣಿಸುವ ಶಕ್ತಿಯೂ ಹತ್ತಿಪ್ಪತ್ತು ಮೈಕ್ರೊವ್ಯಾಟ್ ಅಷ್ಟೇ.

ಸಿಲಿಕಾನ್ ಬೆಳಕನ್ನು ಏಕೆ ಹೀರುತ್ತದೆ? 1,550 ನ್ಯಾನೊಮೀಟರ್ ಫೋಟಾನಿನ ಶಕ್ತಿ 0.8 ಎಲೆಕ್ಟ್ರಾನ್ ವೋಲ್ಟ್, ಸಿಲಿಕಾನಿನ ಶಕ್ತಿ ಅಂತರ (ಎಲೆಕ್ಟ್ರಾನು ಬಿಡುಗಡೆಯಾಗಲು ದಾಟಬೇಕಾದದ್ದು) ಸುಮಾರು 1.1. ಒಂದೇ ಫೋಟಾನಿಗೆ ಅದನ್ನು ದಾಟಲಾಗದು, ಅದಕ್ಕೇ ಸಿಲಿಕಾನ್ ಈ ಬೆಳಕಿಗೆ ಪಾರದರ್ಶಕ. ಕುಹರದಲ್ಲಿ ಬೆಳಕು ದಟ್ಟವಾದಾಗ ಎರಡು ಫೋಟಾನು ಕೂಡಿ 1.6 ಆಗಿ ದಾಟುತ್ತವೆ. ಮೇಲ್ಮೈಯ ದೋಷಗಳು ಒಂಟಿ ಫೋಟಾನನ್ನೂ ಹೀರುತ್ತವೆ. ಲೋಹವೋ ಪೀಜೊ ಪದರವೋ ಬೆಳಕಿನ ಹತ್ತಿರವಿದ್ದರೆ ಇನ್ನೂ ಹೆಚ್ಚು. ಬರೀ ಸಿಲಿಕಾನ್ ವಿನ್ಯಾಸ ನಮಗೆ ಹಿಡಿಸುವುದು ಇದೇ ಕಾರಣಕ್ಕೆ. ಬೆಳಕು ಇರುವಲ್ಲಿ ಬೇರೆ ವಸ್ತುವೇ ಇರುವುದಿಲ್ಲ.

ಹುಟ್ಟಿದ ಶಾಖ ಹೊರಹೋಗುವುದೂ ಸುಲಭವಲ್ಲ. ತೆಳು ಪಟ್ಟಿ ಎರಡು ತುದಿಯಲ್ಲಿ ಮಾತ್ರ ಅಂಟಿಕೊಂಡಿದೆ. ಕಂಪನ ಸೋರದಿರಲೆಂದು ಅಲ್ಲಿ ಕಟ್ಟಿದ ರಂಧ್ರಗಳ ಬೇಲಿ ಶಾಖದ ದಾರಿಯನ್ನೂ ಕಿರಿದು ಮಾಡುತ್ತದೆ. ಪಟ್ಟಿಯ ಬದಲು ಅಗಲವಾದ ಹಾಳೆಯಲ್ಲಿ ಎರಡು ದಿಕ್ಕಿಗೂ ರಂಧ್ರ ಕೊರೆದ ವಿನ್ಯಾಸದಲ್ಲಿ ಶಾಖ ಹೆಚ್ಚು ಕಡೆಗೆ ಹರಿಯುತ್ತದೆ, ಆದ್ದರಿಂದ ಹೆಚ್ಚು ಪಂಪ್ ತಡೆಯುತ್ತದೆ. ಇನ್ನೊಂದು ಉಪಾಯವೆಂದರೆ ಲೇಸರನ್ನು ನಿರಂತರ ಬಿಡದೆ ಚಿಕ್ಕ ಮಿಡಿತಗಳಲ್ಲಿ ಬಿಡುವುದು: ಶಾಖ ಕಂಪನಕ್ಕೆ ತಲುಪುವ ಮೊದಲೇ ಪರಿವರ್ತನೆ ಮುಗಿಸಿ, ಆಮೇಲೆ ತಣಿಯಲು ಬಿಡುವುದು. ಇದರಿಂದ ಸೆಕೆಂಡಿಗೆ ಆಗುವ ಪರಿವರ್ತನೆಗಳು ಇಳಿಯುತ್ತವೆ.

ಚದುರಿದ ಬೆಳಕು ಅತಿವಾಹಕಕ್ಕೂ ತೊಂದರೆ ಕೊಡುತ್ತದೆ. ಅಲ್ಯುಮಿನಿಯಮ್ಮಿನ ಕೂಪರ್ ಜೋಡಿ (ಅತಿವಾಹಕದಲ್ಲಿ ರೋಧವಿಲ್ಲದೆ ಹರಿಯುವ ಎಲೆಕ್ಟ್ರಾನ್ ಜೋಡಿ) ಒಡೆಯಲು ಬೇಕಾದ ಶಕ್ತಿಯ 2,000 ಪಟ್ಟಿಗಿಂತ ಹೆಚ್ಚು ಒಂದೇ ಫೋಟಾನಿನಲ್ಲಿದೆ. ಟೈಟೇನಿಯಂ ನೈಟ್ರೈಡ್, ನಿಯೋಬಿಯಂಗಳಲ್ಲಿ ಒಡೆದ ಜೋಡಿಗಳು ಬೇಗ ಕೂಡಿಕೊಳ್ಳುತ್ತವೆ. ಹಾಗಾಗಿ ಕ್ಯುಬಿಟನ್ನು ಬೇರೆ ಚಿಪ್‌ನಲ್ಲಿಟ್ಟು, ಬೆಳಕು ತಾಗುವ ಚಿಪ್‌ನಲ್ಲಿ ಇವನ್ನೇ ಬಳಸುವುದು ಜಾಣತನ.

2018ರಲ್ಲೇ ಶೇಕಡ 47ರ ದಕ್ಷತೆ ಬಂದಿತ್ತು. ಈಗ ಅದಕ್ಕಿಂತ ಕಡಿಮೆ ದಕ್ಷತೆಯ ಚಿಪ್‌ಗಳಿಗೆ ಏಕಿಷ್ಟು ಮಹತ್ವ?
(ಭೌತಶಾಸ್ತ್ರ ಸಂಶೋಧನಾ ವಿದ್ಯಾರ್ಥಿ, ಮಾನಸಗಂಗೋತ್ರಿ, ಮೈಸೂರು)

ಅಮೆರಿಕದ ಬೌಲ್ಡರ್‌ನ ಜೈಲಾ ಸಂಸ್ಥೆಯ ಆ ಪ್ರಯೋಗ ದೊಡ್ಡದೇ. ಅದರಲ್ಲಿ ಬಳಸಿದ್ದು ಮೆಗಾಹರ್ಟ್ಸ್ ಮಟ್ಟದಲ್ಲಿ ಕಂಪಿಸುವ ಸಿಲಿಕಾನ್ ನೈಟ್ರೈಡ್ ಪೊರೆ. ಅಷ್ಟು ಕಡಿಮೆ ಆವೃತ್ತಿಗೆ ಮಿಲಿಕೆಲ್ವಿನ್ ಕೂಡ ಬಿಸಿಯೇ, ಸೇರಿದ ಗದ್ದಲ 38 ಫೋಟಾನು. ದಕ್ಷತೆ, ಸೇರುವ ಗದ್ದಲ, ಬ್ಯಾಂಡ್‌ವಿಡ್ತ್ (ಬದಲಿಸಬಲ್ಲ ಆವೃತ್ತಿಗಳ ಅಗಲ) ಮೂರನ್ನೂ ಒಟ್ಟಿಗೆ ಕೇಳಿ. ಒಂದನ್ನೇ ಹೇಳುವ ಸುದ್ದಿಯನ್ನು ನಂಬಬೇಡಿ.

ದಕ್ಷತೆಯ ಲೆಕ್ಕದಲ್ಲೂ ಒಂದು ಸೂಕ್ಷ್ಮವಿದೆ. ಮೈಕ್ರೊವೇವ್ ಕಡೆಯ ಬೆಸುಗೆಬಲ, ಬೆಳಕಿನ ಕಡೆಯ ಬೆಸುಗೆಬಲ ಎಂದು ಎರಡು ಸಂಖ್ಯೆ ತೆಗೆದುಕೊಳ್ಳಿ (ಹೊರಗಿನ ನಷ್ಟ ಬಿಟ್ಟು). ಅವುಗಳ ಗುಣಲಬ್ಧದ ನಾಲ್ಕು ಪಟ್ಟನ್ನು, ಒಂದಕ್ಕೆ ಎರಡೂ ಸಂಖ್ಯೆ ಕೂಡಿಸಿ ಬಂದ ಮೊತ್ತದ ವರ್ಗದಿಂದ ಭಾಗಿಸಿದರೆ ದಕ್ಷತೆ. ಎರಡೂ 1 ಆಗಿದ್ದರೆ 4ನ್ನು 9ರಿಂದ ಭಾಗಿಸಿ ಶೇಕಡ 44. ಒಂದು 10, ಇನ್ನೊಂದು 0.1 ಆದರೆ ಗುಣಲಬ್ಧ ಅದೇ 1, ದಕ್ಷತೆ ಮಾತ್ರ ಶೇಕಡ 3ರ ಆಸುಪಾಸು. ಒಂದು ಕಡೆಯನ್ನಷ್ಟೇ ಬಲಪಡಿಸಿದರೆ ಫೋನಾನು ಬಂದ ದಾರಿಯಲ್ಲೇ ವಾಪಸು ಹೋಗುತ್ತದೆ.

ಹೊರಬಂದ ಮೇಲೂ ಕೆಲಸ ಮುಗಿಯದು. ಸಂಕೇತದ ಫೋಟಾನಿಗೂ ಪಂಪಿಗೂ ತರಂಗಾಂತರದಲ್ಲಿ ಇರುವ ವ್ಯತ್ಯಾಸ 0.04 ನ್ಯಾನೊಮೀಟರ್. ಪಂಪನ್ನು 100 ಡೆಸಿಬೆಲ್‌ನಷ್ಟು ಅಡಗಿಸಲು ಸಾಮಾನ್ಯವಾಗಿ ಎರಡು ಫ್ಯಾಬ್ರಿ-ಪೆರೊ ಫಿಲ್ಟರುಗಳನ್ನು (ತೀರಾ ಕಿರಿದಾದ ಆವೃತ್ತಿಯನ್ನಷ್ಟೇ ಬಿಡುವವು) ಸಾಲಾಗಿ ಇಡಬೇಕು. ಅವುಗಳ ನಷ್ಟವನ್ನೂ ಲೆಕ್ಕಕ್ಕೆ ಸೇರಿಸಿದ್ದಾರೆಯೇ ಎಂದು ಪ್ರತಿ ಲೇಖನದಲ್ಲಿ ನೋಡಿ.

ಕಾಲೇಜಿನ ಪ್ರಯೋಗಾಲಯದಲ್ಲಿ ಇದರ ತತ್ವವನ್ನಾದರೂ ತೋರಿಸಬಹುದೇ?
(ಪದವಿಪೂರ್ವ ಕಾಲೇಜು ಉಪನ್ಯಾಸಕರು, ಶ್ರೀರಂಗಪಟ್ಟಣ)

ಖಂಡಿತ. ವಿದ್ಯುತ್ ಸಂಕೇತ ಕಂಪನವಾಗಿ, ಕಂಪನ ಬೆಳಕಿನ ಬದಲಾವಣೆಯಾಗುವುದನ್ನು ಮೈಕೆಲ್ಸನ್ ಜೋಡಣೆಯಲ್ಲಿ (ಒಂದು ಕಿರಣವನ್ನು ಎರಡಾಗಿ ಒಡೆದು, ಎರಡು ಕನ್ನಡಿಗಳಿಂದ ಹಿಂದಿರುಗಿಸಿ ಮತ್ತೆ ಕೂಡಿಸುವುದು) ತೋರಿಸಬಹುದು. 27 ಮಿಲಿಮೀಟರಿನ ಪೀಜೊ ಬಜರ್ ತಟ್ಟೆ, ಮುಂಭಾಗಕ್ಕೇ ಲೇಪವಿರುವ ಎರಡು ಚಿಕ್ಕ ಕನ್ನಡಿ, ಅರ್ಧ ಬೆಳಕು ಬಿಟ್ಟು ಅರ್ಧ ತಿರುಗಿಸುವ ಬೀಮ್ ಸ್ಪ್ಲಿಟರ್, ಹೀಲಿಯಂ-ನಿಯಾನ್ ಅಥವಾ 1 ಮಿಲಿವ್ಯಾಟಿನ ಕೆಂಪು ಡಯೋಡ್ ಲೇಸರ್, ಬಿಪಿಡಬ್ಲ್ಯು 34 ಫೋಟೊಡಯೋಡ್, 9 ವೋಲ್ಟ್ ಬ್ಯಾಟರಿ, 10 ಕಿಲೊ ಓಮ್ ರೆಸಿಸ್ಟರ್, ಸಿಗ್ನಲ್ ಜನರೇಟರ್, ಆಸಿಲೋಸ್ಕೋಪ್ ಇದ್ದರೆ ಸಾಕು. ಮನೆಯ ಕನ್ನಡಿ ಬೇಡ. ಗಾಜಿನ ಎರಡು ಮುಖದಿಂದಲೂ ಪ್ರತಿಫಲಿಸಿ, ಕಿರಣಗಳು ಕೂಡಿದಲ್ಲಿ ಮೂಡುವ ಬೆಳಕು-ಕತ್ತಲೆಯ ಪಟ್ಟೆಗಳು ಗೋಜಲಾಗುತ್ತವೆ.

ತಟ್ಟೆಯ ಅಂಚನ್ನು ಪಿವಿಸಿ ಪೈಪಿನ ಉಂಗುರಕ್ಕೆ ಅಂಟಿಸಿ, ನಡುಭಾಗ ಬಿಡುವಾಗಿರಲಿ. ಅಲ್ಲಿ ಒಂದು ಕನ್ನಡಿಯನ್ನು ಅಂಟಿನ ಒಂದು ಹನಿಯಿಂದ ಕೂರಿಸಿ. ಇಡೀ ಜೋಡಣೆ ಕಡಪ ಕಲ್ಲಿನ ಮೇಲಿರಲಿ, ಕಲ್ಲು ಅರ್ಧ ಗಾಳಿ ತುಂಬಿದ ಸ್ಕೂಟರ್ ಟ್ಯೂಬಿನ ಮೇಲಿರಲಿ. ಇಲ್ಲದಿದ್ದರೆ ಹೆದ್ದಾರಿಯ ಲಾರಿಗಳೂ ಪ್ರಯೋಗದಲ್ಲಿ ಸೇರಿಕೊಳ್ಳುತ್ತವೆ. ಡಯೋಡ್ ಲೇಸರ್ ಆದರೆ ಎರಡೂ ತೋಳುಗಳ ಉದ್ದ ಕೆಲವೇ ಮಿಲಿಮೀಟರಿನೊಳಗೆ ಸಮವಿರಬೇಕು. ಕನ್ನಡಿಗಳನ್ನು ಕೂದಲೆಳೆಯಷ್ಟು ಓರೆ ಮಾಡಿ, ಲೇಸರಿನೊಳಕ್ಕೆ ಬೆಳಕು ಹಿಂದಿರುಗಿದರೆ ಅದು ಅಸ್ಥಿರವಾಗುತ್ತದೆ. ಪಟ್ಟೆಯೊಂದು ಫೋಟೊಡಯೋಡಿಗಿಂತ ಅಗಲವಾಗುವವರೆಗೆ ಹೊಂದಿಸಿ. ಫೋಟೊಡಯೋಡನ್ನು ರಿವರ್ಸ್ ಬಯಾಸ್‌ನಲ್ಲಿ, ರೆಸಿಸ್ಟರಿನ ಜೊತೆ ಸರಣಿಯಲ್ಲಿ ಬ್ಯಾಟರಿಗೆ ಸೇರಿಸಿ, ರೆಸಿಸ್ಟರಿನ ತುದಿಗಳಿಂದ ಸ್ಕೋಪಿಗೆ ತೆಗೆದುಕೊಳ್ಳಿ. ಯಾರೂ ಕಿರಣವನ್ನು ನೇರ ನೋಡಬಾರದು, ಅದರ ಎತ್ತರ ಕೂತ ವಿದ್ಯಾರ್ಥಿಗಳ ಕಣ್ಣಿನ ಮಟ್ಟದಲ್ಲೂ ಇರಬಾರದು.

ಜನರೇಟರಿನಿಂದ 2 ಕಿಲೊಹರ್ಟ್ಸ್, 0.1 ವೋಲ್ಟ್ ಕೊಟ್ಟು ಮೆಲ್ಲಗೆ ಏರಿಸಿ. ಸ್ಕೋಪಿನಲ್ಲಿ ಅದೇ 2 ಕಿಲೊಹರ್ಟ್ಸ್ ಅಲೆ ಕಾಣಬೇಕು. 4 ಕಿಲೊಹರ್ಟ್ಸ್ ಕಂಡರೆ ನೀವು ಪಟ್ಟೆಯ ತುದಿಯಲ್ಲಿದ್ದೀರಿ (ಅತಿ ಬೆಳಕು ಅಥವಾ ಅತಿ ಕತ್ತಲೆ). ಅಲ್ಲಿ ಕನ್ನಡಿ ಹಿಂದೆ ಹೋದರೂ ಮುಂದೆ ಬಂದರೂ ಬೆಳಕು ಒಂದೇ ದಿಕ್ಕಿಗೆ ಬದಲಾಗುತ್ತದೆ. ಜನರೇಟರಿನ ಡಿಸಿ ಆಫ್‌ಸೆಟ್ ತಿರುಗಿಸಿ ಪಟ್ಟೆಯ ನಡುವಿಗೆ ಬನ್ನಿ. ಕೋಣೆ ಬಿಸಿಯಾದಂತೆ ಈ ಬಿಂದು ಜಾರುತ್ತಿರುತ್ತದೆ, ಮತ್ತೆ ಹೊಂದಿಸಬೇಕು, ಫ್ಯಾನ್ ಆರಿಸಿದರೆ ಅರ್ಧ ತೊಂದರೆ ಕಡಿಮೆ. ಕನ್ನಡಿಯ ಓಲಾಟ ಬೆಳಕಿನ ತರಂಗಾಂತರದ ಎಂಟನೇ ಒಂದು ಭಾಗ, ಅಂದರೆ ಸುಮಾರು 80 ನ್ಯಾನೊಮೀಟರ್ ಮೀರಿದರೆ ಅಲೆಯ ತಲೆ ಮಡಚಿಕೊಳ್ಳುತ್ತದೆ. ಆ ಮಡಿಕೆ ಶುರುವಾಗುವ ಜಾಗವನ್ನೇ ಅಳತೆಗೋಲಾಗಿ ಬಳಸಿ, 1 ವೋಲ್ಟಿಗೆ ತಟ್ಟೆ ಎಷ್ಟು ನ್ಯಾನೊಮೀಟರ್ ಅಲುಗುತ್ತದೆಂದು ವಿದ್ಯಾರ್ಥಿಗಳಿಂದ ಲೆಕ್ಕ ಹಾಕಿಸಿ.

ಚಿಪ್‌ಗೂ ಇದಕ್ಕೂ ಇರುವ ವ್ಯತ್ಯಾಸವನ್ನೂ ಹೇಳಿ. ಇಲ್ಲಿ ಕನ್ನಡಿಯ ಕಂಪನ ಲೇಸರಿನ ಆವೃತ್ತಿಯ ಎರಡೂ ಬದಿಗೆ, 2 ಕಿಲೊಹರ್ಟ್ಸ್ ಮೇಲೂ ಕೆಳಗೂ, ಸಮನಾದ ಬೆಳಕು ಹುಟ್ಟಿಸುತ್ತದೆ. ಚಿಪ್‌ನ ಕುಹರದ ಅಗಲ 400 ಮೆಗಾಹರ್ಟ್ಸ್, ಕಂಪನ 5 ಗಿಗಾಹರ್ಟ್ಸ್ ಎಂದರೆ ಕೆಳಗಿನ ಬದಿಯ ಬೆಳಕು ಮೇಲಿನದಕ್ಕಿಂತ ಸುಮಾರು 2,500 ಪಟ್ಟು ಕುಗ್ಗುತ್ತದೆ. ಅಳತೆಯನ್ನು ಪರಿವರ್ತನೆಯಾಗಿ ಮಾಡುವುದು ಆ ಕುಹರವೇ.

ಇಂಥ ಚಿಪ್ ತಯಾರಿಕೆಯನ್ನು ಹತ್ತಿರದಲ್ಲಿ ಎಲ್ಲಿ ಕಲಿಯಬಹುದು?
(ಎಂಜಿನಿಯರಿಂಗ್ ವಿದ್ಯಾರ್ಥಿನಿ, ಮಂಡ್ಯ)

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಕೇಂದ್ರದಲ್ಲಿ ಎಲೆಕ್ಟ್ರಾನ್ ಕಿರಣ ಲಿಥೊಗ್ರಫಿ, ಪ್ಲಾಸ್ಮಾ ಕೊರೆತ ಎರಡಕ್ಕೂ ಸ್ವಚ್ಛ ಕೋಣೆಗಳಿವೆ. ಹೊರಗಿನ ಕಾಲೇಜಿನವರಿಗೆ ಕೇಂದ್ರ ಸರ್ಕಾರದ ಐಎನ್‌ಯುಪಿ (ಭಾರತೀಯ ನ್ಯಾನೊಎಲೆಕ್ಟ್ರಾನಿಕ್ಸ್ ಬಳಕೆದಾರರ ಕಾರ್ಯಕ್ರಮ) ಯೋಜನೆಯಡಿ ಅಲ್ಲಿ ತರಬೇತಿ ಮತ್ತು ಬಳಕೆಗೆ ಅವಕಾಶ ಕೊಡುತ್ತಾ ಬಂದಿದ್ದಾರೆ. 2023ರಲ್ಲಿ ಮಂಜೂರಾದ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಂ ಮಿಷನ್‌ನಲ್ಲಿ ಕ್ವಾಂಟಂ ಕಂಪ್ಯೂಟಿಂಗ್ ಕೇಂದ್ರವೂ ಅದೇ ಸಂಸ್ಥೆಯಲ್ಲಿದೆ. ಅರ್ಜಿ ಹಾಕುವ ಮೊದಲು ಸಿಲಿಕಾನ್ ಪಟ್ಟಿಯ ಕಂಪನವನ್ನು ಕಂಪ್ಯೂಟರಿನಲ್ಲಿ ಫೈನೈಟ್ ಎಲಿಮೆಂಟ್ ವಿಧಾನದಿಂದ ಲೆಕ್ಕ ಹಾಕಿ, ಒಂದು ರಂಧ್ರದ ಅಳತೆ ಬದಲಿಸಿದರೆ ಆವೃತ್ತಿ ಎಷ್ಟು ಜಾರುತ್ತದೆಂಬ ಕೋಷ್ಟಕ ಮಾಡಿಕೊಂಡು ಹೋಗಿ. ಅದು ಕೈಯಲ್ಲಿದ್ದರೆ ಸ್ವಚ್ಛ ಕೋಣೆಯಲ್ಲಿ ಸಿಗುವ ಸಮಯ ವ್ಯರ್ಥವಾಗುವುದಿಲ್ಲ.